ಗ್ರೂವ್ ಮುಗಿದ ಮೇಲೆ ಸೀಳಿದ ಒಂದು ಹಲಗೆ: ಟೇಬಲ್ ಸಾ ಅಪಘಾತವೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಮೂವರು ಕೆಲಸ ಮಾಡುವ ಸಣ್ಣ ಮರಗೆಲಸದ ಶೆಡ್ಡಿನಲ್ಲಿ ನಡೆದದ್ದಿದು. ಅವರನ್ನು ಇಲ್ಲಿ ಮೇಸ್ತ್ರಿ, ಹಿರಿಯ, ಕಿರಿಯ ಎಂದಷ್ಟೇ ಕರೆದಿದ್ದೇವೆ. ಜಾಗ, ಗಿರಾಕಿ, ಯಂತ್ರದ ಕಂಪನಿ ಯಾವುದೂ ಇಲ್ಲಿ ಬರುವುದಿಲ್ಲ. ಅಳತೆಗಳನ್ನು ಮಾತ್ರ ಬಿಟ್ಟಿಲ್ಲ, ಏಕೆಂದರೆ ಈ ಪ್ರಕರಣ ಅರ್ಥವಾಗುವುದೇ ಅಳತೆಗಳಿಂದ.

ಯಂತ್ರ ಟೇಬಲ್ ಸಾ, ಅಂದರೆ ಮೇಜಿನ ಬಾಯಿಯಿಂದ ಮೇಲೆದ್ದ ದುಂಡು ಗರಗಸಕ್ಕೆ ಮರವನ್ನು ತಳ್ಳಿ ಕತ್ತರಿಸುವಂಥದ್ದು. ಅದರದ್ದು 10 ಇಂಚಿನ, ಅಂದರೆ 254 ಮಿಮೀ ವ್ಯಾಸದ ಬ್ಲೇಡ್. ಮೋಟರ್ ಅದನ್ನು ನಿಮಿಷಕ್ಕೆ ಸುಮಾರು 4000 ಸುತ್ತು ತಿರುಗಿಸುತ್ತದೆ. ಆ ವೇಗದಲ್ಲಿ ಹಲ್ಲಿನ ತುದಿ ಸೆಕೆಂಡಿಗೆ 53 ಮೀಟರ್ ಓಡುತ್ತದೆ, ಗಂಟೆಗೆ ಲೆಕ್ಕ ಹಾಕಿದರೆ ಸುಮಾರು 190 ಕಿಮೀ. ಬ್ಲೇಡಿಗೆ 40 ಹಲ್ಲು. ಹಲ್ಲಿನ ಅಗಲ 3.2 ಮಿಮೀ, ಬ್ಲೇಡಿನ ಮೈ ದಪ್ಪ 2.2 ಮಿಮೀ. ಅಂದರೆ ಮರ ಸೀಳಿದ ಜಾಗದಲ್ಲಿ ಬ್ಲೇಡಿನ ಮೈಗೂ ಮರಕ್ಕೂ ನಡುವೆ ಒಂದೊಂದು ಬದಿಗೆ ಸಿಗುವ ಸಡಿಲ ಅರ್ಧ ಮಿಮೀ ಮಾತ್ರ. ಐದು ಹಾಳೆ ಕಾಗದ ಒಟ್ಟಿಗೆ ಹಿಡಿದರೆ ಅಷ್ಟು ದಪ್ಪ ಬರುತ್ತದೆ. ಮುಂದೆ ಬರುವ ಎಲ್ಲ ಮಾತೂ ಈ ಅರ್ಧ ಮಿಮೀ ಸುತ್ತಲೇ ತಿರುಗುತ್ತದೆ.

ಬ್ಲೇಡಿನ ಹಿಂದೆ ಒಂದು ಸ್ಪ್ಲಿಟರ್ ಇತ್ತು. ಸೀಳಿದ ಮರದ ಎರಡು ಭಾಗಗಳು ಮತ್ತೆ ಒಂದಕ್ಕೊಂದು ಅಂಟಿ ಬ್ಲೇಡನ್ನು ಹಿಡಿಯದಂತೆ ನಡುವೆ ನಿಲ್ಲುವ ಉಕ್ಕಿನ ತಗಡು ಅದು. ಹೊಸ ಯಂತ್ರಗಳಲ್ಲಿ ಇದೇ ಕೆಲಸ ಮಾಡುವ ರೈವಿಂಗ್ ನೈಫ್ ಇರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಹೇಳಬೇಕು. ರೈವಿಂಗ್ ನೈಫ್ ಬ್ಲೇಡಿನ ಜೊತೆಗೇ ಏರುತ್ತದೆ, ಇಳಿಯುತ್ತದೆ, ಓರೆಯಾಗುತ್ತದೆ. ಅದರ ತಲೆ ಬ್ಲೇಡಿನ ತಲೆಗಿಂತ ಒಂದೆರಡು ಮಿಮೀ ಕೆಳಗೇ ಇರುವುದರಿಂದ ಗ್ರೂವ್ ಹೊಡೆಯುವಾಗಲೂ ಅದನ್ನು ತೆಗೆಯಬೇಕಿಲ್ಲ. ಈ ಶೆಡ್ಡಿನಲ್ಲಿದ್ದ ಹಳೆಯ ಮಾದರಿಯ ಸ್ಪ್ಲಿಟರ್ ಹಾಗಲ್ಲ. ಅದು ಒಂದೇ ಎತ್ತರಕ್ಕೆ ಗಟ್ಟಿಯಾಗಿ ನಿಂತಿರುತ್ತದೆ, ಮೇಲೆ ಬ್ಲೇಡಿನ ಕವರನ್ನೂ ಹೊತ್ತಿರುತ್ತದೆ. ಗ್ರೂವ್ ಎಂದರೆ ಮರವನ್ನು ಆರಪಾರು ಕತ್ತರಿಸದೆ ಮೇಲ್ಮೈಯಿಂದ ಸ್ವಲ್ಪ ಆಳಕ್ಕೆ ತೋಡುವುದು. ಹಾಗಾಗಿ ಮರ ಮುಂದೆ ಹೋಗಿ ಸ್ಪ್ಲಿಟರಿಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ಗ್ರೂವ್ ಬೇಕೆಂದರೆ ಸ್ಪ್ಲಿಟರ್, ಕವರ್ ಎರಡನ್ನೂ ಬಿಚ್ಚಲೇಬೇಕು. ಇಲ್ಲಿ ಬಿಚ್ಚಲು ಎರಡು ಬೋಲ್ಟು, ಐದು ನಿಮಿಷ. ಮತ್ತೆ ಕೂರಿಸಿ, ಬ್ಲೇಡಿನ ಮೈಗೆ ಉಕ್ಕಿನ ಪಟ್ಟಿ ಆನಿಸಿ ಎರಡನ್ನೂ ಒಂದೇ ನೇರಕ್ಕೆ ತರಲು ಹದಿನೈದು ನಿಮಿಷ.

ಕೆಲಸ ಮತ್ತು ಅದರ ಲೆಕ್ಕ

ಕೈಲಿದ್ದ ಕೆಲಸ ಕಪಾಟಿನ 12 ಬಾಗಿಲು. ಪ್ರತಿಯೊಂದು 700 ಮಿಮೀ ಎತ್ತರ, 400 ಮಿಮೀ ಅಗಲ. 20 ಮಿಮೀ ದಪ್ಪ, 60 ಮಿಮೀ ಅಗಲದ ಪಟ್ಟಿಗಳ ಚೌಕಟ್ಟು, ಒಳಗೆ 6 ಮಿಮೀ ದಪ್ಪದ ಪ್ಯಾನೆಲ್. ಪ್ಯಾನೆಲ್ ಕೂರಲು ಚೌಕಟ್ಟಿನ ಒಳ ಅಂಚಿನುದ್ದಕ್ಕೂ 6 ಮಿಮೀ ಅಗಲ, 10 ಮಿಮೀ ಆಳದ ಗ್ರೂವ್. ಬಾಗಿಲಿಗೆ ಎರಡು ನಿಲುವು ಪಟ್ಟಿ, ಎರಡು ಅಡ್ಡ ಪಟ್ಟಿ. ಅಡ್ಡ ಪಟ್ಟಿ ಎರಡೂ ಕಡೆ 10 ಮಿಮೀ ಗ್ರೂವಿನೊಳಗೆ ಹೋಗಬೇಕಾದ್ದರಿಂದ ಅದರ ಉದ್ದ 300 ಮಿಮೀ.

2.1 ಮೀಟರ್ ಉದ್ದ, 200 ಮಿಮೀ ಅಗಲದ ನಾಲ್ಕು ಹಲಗೆ ತಂದರು. ಒಂದೊಂದರಲ್ಲಿ ಮೂರು ಪಟ್ಟಿ, ಒಂದೊಂದು ಪಟ್ಟಿಯಲ್ಲಿ ಒಂದು ಬಾಗಿಲಿನ ನಾಲ್ಕೂ ತುಂಡು. ಹನ್ನೆರಡು ಪಟ್ಟಿ, ಹನ್ನೆರಡು ಬಾಗಿಲು. ಕಾಗದದ ಮೇಲೆ ನೋಡಿದರೆ ಹೆಚ್ಚೇನೂ ವ್ಯರ್ಥವಿಲ್ಲದ ಲೆಕ್ಕ. ಆದರೆ ಒಂದು ತುಂಡೂ ಹೆಚ್ಚುವರಿ ಇಲ್ಲದ ಲೆಕ್ಕವೂ ಹೌದು. ಅಪಘಾತ ಶುರುವಾದದ್ದು ಇಲ್ಲಿಂದ ಎಂದೇ ನಮ್ಮ ಅಭಿಪ್ರಾಯ.

ಮೊದಲ ದಿನ ಸ್ಪ್ಲಿಟರ್, ಕವರ್ ಎಲ್ಲ ಹಾಕಿಕೊಂಡೇ ಹಲಗೆಗಳನ್ನು ಉದ್ದಕ್ಕೆ ಸೀಳಿದರು. ತೊಂದರೆಯಾಗಲಿಲ್ಲ. ಎರಡನೇ ದಿನ ಪಟ್ಟಿಗಳನ್ನು ಅಳತೆಗೆ ಕತ್ತರಿಸಿ, ಸ್ಪ್ಲಿಟರ್ ಬಿಚ್ಚಿ, ಫೆನ್ಸಿಗೆ (ಮರ ಆನಿಕೊಂಡು ನೇರ ಸಾಗಲೆಂದು ಬ್ಲೇಡಿನ ಪಕ್ಕದಲ್ಲಿ ನಿಲ್ಲುವ ಉದ್ದದ ಅಡ್ಡೆಗೆ) ಎತ್ತರದ ಆಸರೆ ಹಲಗೆಯೊಂದನ್ನು ಕ್ಲಾಂಪ್ ಮಾಡಿ ಗ್ರೂವ್ ಹೊಡೆದರು. 48 ತುಂಡುಗಳಲ್ಲಿ ಎರಡು ನಿಲುವು ಪಟ್ಟಿ ಕೆಟ್ಟವು. ಒಂದರಲ್ಲಿ ಗಂಟು ಎದ್ದು ಗ್ರೂವಿನ ಗೋಡೆ ಒಡೆಯಿತು. ಇನ್ನೊಂದು ಬಾಗಿದ್ದ ಪಟ್ಟಿ, ಫೆನ್ಸಿಗೆ ಪೂರ್ತಿ ಅಂಟದೆ ಗ್ರೂವ್ ಅಲೆಯಿತು.

ಘಟನೆ

ಎರಡು ತುಂಡು ಬೇಕು. ಆಸರೆ ಹಲಗೆ ಬಿಚ್ಚಿ, ಮೂಲೆಯಲ್ಲಿದ್ದ ಚೂರುಗಳಲ್ಲಿ 750 ಮಿಮೀ ಉದ್ದ, 130 ಮಿಮೀ ಅಗಲದ ಒಂದು ಹಲಗೆಯನ್ನು ಹಿರಿಯರು ಆರಿಸಿಕೊಂಡರು. ಮರದ ನಡುಭಾಗಕ್ಕೆ ಹತ್ತಿರದ ತುಂಡು, ಒಂದು ಅಂಚಿಗೆ ಕೀಸುಳಿ ತಾಗಿರಲಿಲ್ಲ. ಸ್ಪ್ಲಿಟರ್ ಹಾಕುವುದಲ್ಲವೇ ಎಂದು ಮೇಸ್ತ್ರಿ ಕೇಳಿದ್ದರು. ಬಂದ ಉತ್ತರ: "ಎರಡೇ ಪೀಸಲ್ವಾ ಅಣ್ಣಾ, ಅದನ್ನ ಹಾಕಿ ಮತ್ತೆ ಬಿಚ್ಚೋ ಹೊತ್ತಿಗೆ ಊಟದ ಹೊತ್ತಾಗುತ್ತೆ." ಮೇಸ್ತ್ರಿ ಒತ್ತಾಯಿಸಲಿಲ್ಲ. ಅದು ಸೋಮಾರಿತನದ ಮಾತಲ್ಲ ಎಂಬುದನ್ನು ಗಮನಿಸಬೇಕು. ಈ ಎರಡು ತುಂಡಿಗೂ ಸೀಳಿದ ಮೇಲೆ ಗ್ರೂವ್ ಹೊಡೆಯಬೇಕು, ಅಂದರೆ ಹಾಕಿದ ಸ್ಪ್ಲಿಟರನ್ನು ಮತ್ತೆ ಬಿಚ್ಚಬೇಕು. ಒಂದು ನಿಮಿಷದ ಸೀಳಿಗೆ ಇಪ್ಪತ್ತು ನಿಮಿಷದ ತಯಾರಿ.

ಫೆನ್ಸ್ 60 ಮಿಮೀಗೆ. ಬ್ಲೇಡ್ ಮರಕ್ಕಿಂತ 5 ಮಿಮೀ ಮೇಲೆ. ಬಲಗೈ ಹಲಗೆಯ ಹಿಂಬದಿಯಲ್ಲಿ. ಎಡಗೈ ಬ್ಲೇಡಿನ ಎಡ ಪಕ್ಕದಲ್ಲೇ, ಹಲಗೆಯನ್ನು ಫೆನ್ಸಿನ ಕಡೆ ಒತ್ತಿ ಹಿಡಿದಿತ್ತು. ಬೆರಳಿನ ಬದಲು ಮರವನ್ನು ತಳ್ಳುವ ಪುಶ್ ಸ್ಟಿಕ್ ಮೇಜಿನ ಮೇಲೆ ಇತ್ತು, ಕೈಯಲ್ಲಿರಲಿಲ್ಲ.

ಅರ್ಧಕ್ಕಿಂತ ಹೆಚ್ಚು ಸೀಳಿದ್ದಾಗ ಸುಟ್ಟ ವಾಸನೆ ಬಂತು, ಮೋಟರಿನ ಸದ್ದು ಭಾರವಾಯಿತು. ಹಿರಿಯರು ಇನ್ನಷ್ಟು ಜೋರಾಗಿ ಒತ್ತಿದರು. ಮರುಕ್ಷಣ ಬ್ಲೇಡ್ ದಾಟಿದ್ದ ಹಲಗೆಯ ಭಾಗ ಎದ್ದು, ಇಡೀ ಹಲಗೆ ಹಿಂದಕ್ಕೆ ಹಾರಿ ಅವರ ಬಲತೊಡೆಗೆ ಬಡಿಯಿತು. ಒತ್ತಿ ಹಿಡಿದಿದ್ದ ಹಲಗೆ ದಿಢೀರನೆ ಇಲ್ಲವಾದಾಗ ಎಡಗೈ ಆ ಒತ್ತಡದ ಜೊತೆಗೇ ಮುಂದಕ್ಕೆ ಜಾರಿತು. ತೋರುಬೆರಳ ತುದಿಯ ಚರ್ಮ ಮತ್ತು ಉಗುರಿನ ಒಂದು ಭಾಗ ಹೋಯಿತು. ಶುಭ್ರ ಬಟ್ಟೆಯಲ್ಲಿ ಬಿಗಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಹೊಲಿಗೆ ಬಿತ್ತು, ಮೂರು ವಾರ ಕೆಲಸವಿಲ್ಲ. ಮೂಳೆ ಉಳಿಯಿತು.

ಹಲಗೆ ಹೇಳಿದ್ದು

ಮೊದಲು ಎಲ್ಲರೂ ಹೇಳಿದ್ದು "ಮರ ಸರಿಯಿರಲಿಲ್ಲ" ಎಂದು. ಆಮೇಲೆ "ಕೈ ಇಡುವ ಜಾಗವೇ ಅದಲ್ಲ" ಎಂದು. ಎರಡೂ ನಿಜ, ಎರಡೂ ಅರ್ಧ. ಮೇಸ್ತ್ರಿ ಮಾಡಿದ ಒಳ್ಳೆಯ ಕೆಲಸವೆಂದರೆ ಆ ಹಲಗೆಯನ್ನು ಒಲೆಗೆ ಹಾಕದೆ, ಫೆನ್ಸನ್ನು ಅಲ್ಲಾಡಿಸದೆ, ಯಂತ್ರದ ಪ್ಲಗ್ ಕಿತ್ತು ಹಾಗೇ ಬಿಟ್ಟದ್ದು. ಮರುದಿನ ಅಳೆದು ನೋಡಲು ಎಲ್ಲವೂ ಇದ್ದಲ್ಲೇ ಇತ್ತು.

ಹಲಗೆಯನ್ನು ಮಗುಚಿದರೆ ಅಡಿಭಾಗದಲ್ಲಿ ಒಂದು ಗೀರು. ಸೀಳಿನ ಬದಿಯಿಂದ ಹೊರಟು, ಬಾಗುತ್ತಾ, ಹಲಗೆಯ ಮೈಗೆ ಅಡ್ಡಲಾಗಿ ಕುಡುಗೋಲಿನ ಅಂಚಿನಂತೆ ಸಾಗಿದೆ. ಶುರುವಿನಲ್ಲಿ ಉಗುರಿಗೂ ಸಿಗದಷ್ಟು ತೆಳು, ನಡುವೆ 4 ಮಿಮೀ ಆಳ. ಇದು ಬ್ಲೇಡಿನ ಹಿಂಬದಿಯ ಹಲ್ಲುಗಳ ಗುರುತು. ಟೇಬಲ್ ಸಾದಲ್ಲಿ ಮುಂದಿನ ಹಲ್ಲುಗಳು ಮರವನ್ನು ಮೇಜಿನ ಕಡೆಗೆ ಒತ್ತುತ್ತಾ ಇಳಿಯುತ್ತವೆ, ಹಿಂದಿನ ಹಲ್ಲುಗಳು ಮೇಜಿನಿಂದ ಮೇಲಕ್ಕೆ ಏಳುತ್ತವೆ. ಸೀಳು ಅಗಲವಾಗಿದ್ದಷ್ಟು ಹೊತ್ತು ಹಿಂದಿನ ಹಲ್ಲು ಮರಕ್ಕೆ ತಾಗುವುದೇ ಇಲ್ಲ. ತಾಗಿತೋ, ಮರವನ್ನು ಎತ್ತುತ್ತವೆ. ಎತ್ತಿದ ಮರ ಬ್ಲೇಡಿನ ತಲೆಯ ಮೇಲೆ ಬಂದು ಕೂತರೆ ಅಲ್ಲಿ ಹಲ್ಲುಗಳು ಓಡುತ್ತಿರುವುದು ನೇರ ಕೆಲಸಗಾರನ ಕಡೆಗೆ. ಮರ ಹಲಗೆಯಾಗಿ ಉಳಿಯುವುದಿಲ್ಲ, ಎಸೆದ ಕಲ್ಲಾಗುತ್ತದೆ. ಇದಕ್ಕೇ ಕಿಕ್‌ಬ್ಯಾಕ್ ಎನ್ನುವುದು. ಇಷ್ಟೂ ನಡೆಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಕೈ ಹಿಂದಕ್ಕೆ ಎಳೆದುಕೊಳ್ಳಬಲ್ಲೆ ಎಂದು ನಂಬಿಕೊಂಡು ಯಾರೂ ಕೆಲಸ ಮಾಡಬಾರದು.

ಎರಡನೇ ಸಾಕ್ಷಿ ಸೀಳಿನ ಬಾಯಿ. ಹಲಗೆಯ 750 ಮಿಮೀಯಲ್ಲಿ 520 ಮಿಮೀ ಸೀಳಿತ್ತು. ಬ್ಲೇಡ್ ಮೊದಲು ಹೊಕ್ಕ ತುದಿಯಲ್ಲಿ ಸೀಳಿನ ಅಗಲ 3.2 ಮಿಮೀ ಇರಬೇಕಿತ್ತು. ಅಳೆದರೆ 1.4 ಮಿಮೀ. ಬ್ಲೇಡಿನ ಮೈ ದಪ್ಪಕ್ಕಿಂತಲೂ ಕಡಿಮೆ. ಒಣಗುವಾಗ ಮರದೊಳಗೆ ಕಟ್ಟಿಕೊಂಡಿದ್ದ ಬಿಗಿತ ಸೀಳಿದ ಕೂಡಲೇ ಬಿಚ್ಚಿಕೊಂಡು ಎರಡು ಭಾಗಗಳನ್ನೂ ಒಳಮುಖವಾಗಿ ಬಾಗಿಸಿತ್ತು. ಮರದ ನಡುಭಾಗದ ತುಂಡುಗಳು, ಗಂಟಿನ ಸುತ್ತ ಎಳೆ ತಿರುಗಿದ ತುಂಡುಗಳು, ಓರೆಯಾಗಿ ಬೆಳೆದ ಮರದ ಹಲಗೆಗಳು ಹೀಗೆ ಮಾಡುವುದು ಹೆಚ್ಚು. ಹೊರಗಿನಿಂದ ನೋಡಿ ಮೊದಲೇ ಹೇಳಲು ಯಾವಾಗಲೂ ಆಗುವುದಿಲ್ಲ. ಅದಕ್ಕೇ ಸ್ಪ್ಲಿಟರ್ ಇರುವುದು.

ಮೂರನೆಯದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಬ್ಲೇಡನ್ನು ಪೂರ್ತಿ ಮೇಲೇರಿಸಿ, ಒಂದು ಹಲ್ಲಿಗೆ ಬಣ್ಣದ ಗುರುತು ಹಾಕಿ, ಅದೇ ಹಲ್ಲನ್ನು ಮುಂದೆ ತಂದು ಫೆನ್ಸಿನವರೆಗೆ ಅಳೆದರು: 60.0 ಮಿಮೀ. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದೆ ತಂದು ಅಳೆದರು: 59.6 ಮಿಮೀ. (ಒಂದೇ ಹಲ್ಲಿನಿಂದ ಅಳೆಯುವುದು ಮುಖ್ಯ. ಬೇರೆ ಬೇರೆ ಹಲ್ಲಿನಿಂದ ಅಳೆದರೆ ಬ್ಲೇಡಿನ ಸಣ್ಣ ಸೊಟ್ಟವೂ ಲೆಕ್ಕಕ್ಕೆ ಸೇರಿಬಿಡುತ್ತದೆ.) ಫೆನ್ಸಿನ ಹಿಂಬದಿ ಬ್ಲೇಡಿನ ಕಡೆಗೆ ವಾಲಿತ್ತು. 20 ಮಿಮೀ ಮರ ಸೀಳುವಾಗ ಮೇಜಿನ ಮಟ್ಟದಲ್ಲಿ ಬ್ಲೇಡಿನ ಉದ್ದ ಸುಮಾರು 150 ಮಿಮೀ. ಅಷ್ಟರೊಳಗೆ ಫೆನ್ಸ್ ಕಾಲು ಮಿಮೀ ತಿಂದುಹಾಕುತ್ತಿತ್ತು. ಇದ್ದ ಅರ್ಧ ಮಿಮೀ ಸಡಿಲದಲ್ಲಿ ಅರ್ಧ ಅಲ್ಲೇ ಖಾಲಿ. ಹಿಂದಿನ ದಿನ ಸೀಳುವಾಗ ಫೆನ್ಸ್ ಸರಿಯಿತ್ತು, ಪಟ್ಟಿಗಳ ಅಂಚಿನಲ್ಲಿ ಸುಟ್ಟ ಗುರುತೇ ಇಲ್ಲ. ಹಾಳಾದದ್ದು ಗ್ರೂವಿಗೆಂದು ಎತ್ತರದ ಹಲಗೆ ಕ್ಲಾಂಪ್ ಮಾಡುವಾಗ, ಬಿಚ್ಚುವಾಗ ಬಿದ್ದ ತಟ್ಟುಗಳಿಂದ. ಗ್ರೂವಿನ ತಯಾರಿ ಸ್ಪ್ಲಿಟರನ್ನು ತೆಗೆದದ್ದಷ್ಟೇ ಅಲ್ಲ, ಫೆನ್ಸನ್ನೂ ಸದ್ದಿಲ್ಲದೆ ಓರೆ ಮಾಡಿಟ್ಟಿತ್ತು.

ಕೊನೆಯದು ಎಡಗೈ. ಬ್ಲೇಡಿನ ಪಕ್ಕದಲ್ಲಿ ಒತ್ತಿದರೆ ಸೀಳಿದ ತುಂಡು ಬ್ಲೇಡಿಗೇ ಒತ್ತಿಕೊಳ್ಳುತ್ತದೆ. ಒತ್ತಬೇಕಾದದ್ದು ಬ್ಲೇಡ್ ಮರವನ್ನು ಮುಟ್ಟುವುದಕ್ಕೆ ಮುಂಚಿನ ಜಾಗದಲ್ಲಿ. ಹಿರಿಯರು ಎಡಗೈಯಿಂದ ಮಾಡುತ್ತಿದ್ದದ್ದು ಫೆನ್ಸ್ ಬಲಬದಿಯಿಂದ ಮಾಡುತ್ತಿದ್ದುದರ ಇನ್ನೊಂದರ್ಧ.

ಮೊದಲ ಪರಿಹಾರಗಳು, ಅವು ಏಕೆ ನಿಲ್ಲಲಿಲ್ಲ

ಗೋಡೆಗೆ ಒಂದು ಬರಹ ಅಂಟಿಸಿದರು: ಸ್ಪ್ಲಿಟರ್ ಇಲ್ಲದೆ ಸೀಳಬಾರದು. ಎರಡು ವಾರದ ನಂತರ ನೋಡಿದರೆ ಸ್ಪ್ಲಿಟರ್ ಬೆಂಚಿನ ಕೆಳಗಿತ್ತು, ಮೇಲೆ ಮರದ ಪುಡಿ ಕೂತಿತ್ತು. ಕಿರಿಯನನ್ನು ಬೈದು ಫಲವಿರಲಿಲ್ಲ. ಬರಹ ಬಂದರೂ ಹದಿನೈದು ನಿಮಿಷ ಹದಿನೈದು ನಿಮಿಷವಾಗಿಯೇ ಉಳಿದಿತ್ತು. ದಿನಕ್ಕೆ ನಾಲ್ಕು ಸಲ ಸೀಳುವುದಕ್ಕೂ ಗ್ರೂವಿಗೂ ಬದಲಾಗುವ ಶೆಡ್ಡಿನಲ್ಲಿ ಆ ನಿಯಮ ಗೋಡೆ ಬಿಟ್ಟು ಕೆಳಗಿಳಿಯುವುದಿಲ್ಲ.

ನಂತರ ಸ್ಪ್ಲಿಟರಿನ ತಲೆ ಕತ್ತರಿಸಿ ಗಿಡ್ಡ ಮಾಡಿದರೆ ಬಿಚ್ಚದೆಯೇ ಗ್ರೂವ್ ಹೊಡೆಯಬಹುದಲ್ಲ ಎಂಬ ಯೋಚನೆ ಬಂತು. ರಟ್ಟಿನಲ್ಲಿ ಮಾದರಿ ಮಾಡಿ ನೋಡಿದರು, ಪುಣ್ಯಕ್ಕೆ ಉಕ್ಕನ್ನು ಕತ್ತರಿಸಲಿಲ್ಲ. ಗ್ರೂವಿಗೆ ಬ್ಲೇಡನ್ನು 10 ಮಿಮೀಗೆ ಇಳಿಸಿದಾಗ ಸ್ಪ್ಲಿಟರ್ ಅದಕ್ಕಿಂತ ಕೆಳಗಿರಬೇಕು. ಆದರೆ ಅದು ಬ್ಲೇಡಿನ ಜೊತೆ ಏರುವುದಿಲ್ಲವಾದ್ದರಿಂದ ಸೀಳುವಾಗಲೂ 9 ಮಿಮೀ ಎತ್ತರದಲ್ಲೇ ಉಳಿಯುತ್ತದೆ. ಮರ ಸ್ವಲ್ಪ ಎದ್ದರೆ ಸಾಕು, ಸೀಳು ಅದರಿಂದ ಕಳಚಿಕೊಳ್ಳುತ್ತದೆ.

ತಿರುವು: ಎರಡು ಇನ್ಸರ್ಟ್

ಬ್ಲೇಡ್ ಹೊರಬರುವ ಬಾಯಿಯ ಸುತ್ತ ಕೂರುವ, ತೆಗೆದು ಹಾಕಬಹುದಾದ ತಟ್ಟೆಗೆ ಇನ್ಸರ್ಟ್ ಎನ್ನುತ್ತಾರೆ. ಮೇಸ್ತ್ರಿ 12 ಮಿಮೀ ಪ್ಲೈವುಡ್ಡಿನಲ್ಲಿ ಅಂಥ ಎರಡು ತಟ್ಟೆ ಮಾಡಿದರು. ಒಂದು ಸೀಳುವುದಕ್ಕೆ, ಒಂದು ಗ್ರೂವಿಗೆ.

ಸೀಳುವ ತಟ್ಟೆಯಲ್ಲಿ ಬ್ಲೇಡಿನ ಸೀಳನ್ನು ಹಿಂದಕ್ಕೆ ಸ್ವಲ್ಪ ಉದ್ದ ಮಾಡಿ, ಗಟ್ಟಿಮರದ ಒಂದು ನಾಲಿಗೆಯನ್ನು ಅಂಟು ಹಾಕಿ ನಿಲ್ಲಿಸಿದರು. ದಪ್ಪ 2.8 ಮಿಮೀ: ಬ್ಲೇಡಿನ ಮೈಗಿಂತ (2.2) ಹೆಚ್ಚು, ಹಲ್ಲಿನ ಅಗಲಕ್ಕಿಂತ (3.2) ಕಡಿಮೆ. ಇದು ತಪ್ಪಿದರೆ ಎರಡು ಥರ ತೊಂದರೆ. 2.2ಕ್ಕಿಂತ ತೆಳುವಾದರೆ ಮರ ಮುಚ್ಚಿಕೊಂಡು ಬ್ಲೇಡ್ ಹಿಡಿಯುತ್ತದೆ, 3.2 ದಾಟಿದರೆ ಮರ ಅದಕ್ಕೇ ಸಿಕ್ಕಿ ನಿಲ್ಲುತ್ತದೆ. ನಾಲಿಗೆಯ ಎತ್ತರ 20 ಮಿಮೀ, ಉದ್ದ 45 ಮಿಮೀ. ಸೀಳುವ ಎತ್ತರಕ್ಕೆ ಏರಿಸಿದ ಬ್ಲೇಡಿನ ಹಿಂದಿನ ಹಲ್ಲಿಗೂ ಅದಕ್ಕೂ 6 ಮಿಮೀ ಅಂತರ. ಫೆನ್ಸ್ ಕಡೆಯ ಮುಖ ಹಲ್ಲಿನ ಸಾಲಿಗಿಂತ 0.2 ಮಿಮೀ ಒಳಗೆ ಇರುವಂತೆ ಕೂರಿಸಿದರು. ಹೊರಗೆ ಬಂದರೆ ಮರ ಫೆನ್ಸಿಗೂ ನಾಲಿಗೆಗೂ ನಡುವೆ ಬೆಣೆಯಾಗುತ್ತದೆ. ತಟ್ಟೆಯನ್ನು ಮುಂದೆ ಹಿಂದೆ ಎರಡೂ ಕಡೆ ಸ್ಕ್ರೂ ಹಾಕಿ ಬಿಗಿದರು. ನಾಲಿಗೆಯನ್ನು ಮರ ಹಿಡಿದಾಗ ತಟ್ಟೆ ಎದ್ದುಬಂದರೆ ಮಾಡಿದ್ದೆಲ್ಲ ವ್ಯರ್ಥ.

ಬ್ಲೇಡಿನ ಸೀಳು ಮಾಡುವ ಕ್ರಮವೂ ಅಪಾಯದ್ದೇ. ತಟ್ಟೆಯ ಅಡಿಯಲ್ಲಿ ಉಳಿಯಿಂದ ಮೊದಲು ಸ್ವಲ್ಪ ತೋಡಿಕೊಳ್ಳಬೇಕು, ಏಕೆಂದರೆ ಪೂರ್ತಿ ಇಳಿಸಿದ ಬ್ಲೇಡೂ ಅಡಿಗೆ ತಾಗಬಹುದು. ತಟ್ಟೆಯನ್ನು ಕೂರಿಸಿ, ಬ್ಲೇಡ್ ಬರುವ ಜಾಗ ಬಿಟ್ಟು ಒಂದು ದಪ್ಪ ರೀಪನ್ನು ಅದರ ಮೇಲೆ ಅಡ್ಡ ಇಟ್ಟು, ಎರಡೂ ತುದಿಗೆ ಕ್ಲಾಂಪ್ ಹಾಕಿ, ಮೋಟರ್ ಓಡುತ್ತಿರುವಾಗ ಬ್ಲೇಡನ್ನು ನಿಧಾನ ಏರಿಸಬೇಕು. ಕೈಯಿಂದ ಒತ್ತಿ ಹಿಡಿಯುವುದು ಸಲ್ಲ.

ಗ್ರೂವಿನ ತಟ್ಟೆಯಲ್ಲಿ ನಾಲಿಗೆಯಿಲ್ಲ. ಅದರ ಸೀಳು 10 ಮಿಮೀ ಎತ್ತರಕ್ಕೆ ಬೇಕಾದಷ್ಟೇ ಉದ್ದ, ಮೇಲ್ಮೈಯಲ್ಲಿ ಸುಮಾರು 99 ಮಿಮೀ. ಸೀಳುವ ಎತ್ತರಕ್ಕೆ 150 ಮಿಮೀ ಬೇಕು. ಅಂದರೆ ಗ್ರೂವಿನ ತಟ್ಟೆಯಿರುವಾಗ ಯಾರಾದರೂ ಮರೆತು ಸೀಳಲು ಹೊರಟರೆ ಹಿಡಿ ತಿರುಗಿಸಿದರೂ ಬ್ಲೇಡ್ ಏರುವುದಿಲ್ಲ, ತಟ್ಟೆಯ ಅಡಿಗೆ ತಡೆದು ನಿಲ್ಲುತ್ತದೆ. ಮರೆವಿಗೆ ಕೈಯೇ ಎಚ್ಚರಿಕೆ ಕೊಡುತ್ತದೆ. ಮೋಟರ್ ಓಡುತ್ತಿರುವಾಗ ಏರಿಸಿದರೆ ಬ್ಲೇಡ್ ತಟ್ಟೆಯನ್ನು ಕತ್ತರಿಸಿಕೊಂಡೇ ಬರುತ್ತದೆ, ಆದ್ದರಿಂದ ಎತ್ತರ ಬದಲಿಸುವುದು ಪ್ಲಗ್ ಕಿತ್ತ ಮೇಲೆಯೇ ಎಂಬ ಕಟ್ಟಳೆ ಜೊತೆಗೆ ಬಂತು. ತಟ್ಟೆ ಬದಲಿಸಲು ಒಂದು ನಿಮಿಷ ಸಾಕು.

ಕವರ್ ಹೊತ್ತಿದ್ದ ಸ್ಪ್ಲಿಟರೇ ಹೋದ ಮೇಲೆ ಕವರಿಗೆ ಬೇರೆ ಆಸರೆ ಬೇಕಾಯಿತು. ಮೇಜಿನ ಪಕ್ಕದ ಕಂಬದಿಂದ ಚಾಚಿದ ತೋಳಿಗೆ ಅದನ್ನು ನೇತುಹಾಕಿದರು. ಇದರಿಂದ ಗ್ರೂವ್ ಹೊಡೆಯುವಾಗಲೂ ಮರದ ಮೇಲೆ ಕವರ್ ಇರುವಂತಾಯಿತು. ಹಳೆಯ ವ್ಯವಸ್ಥೆಯಲ್ಲಿ ಅದು ಸಾಧ್ಯವೇ ಇರಲಿಲ್ಲ.

ಬದಲಾದ ಕ್ರಮ

ತಟ್ಟೆಗಿಂತ ಹೆಚ್ಚು ಫಲ ಕೊಟ್ಟದ್ದು ಕೆಲಸದ ಅನುಕ್ರಮ. ಸೀಳುವುದನ್ನೆಲ್ಲ ಮೊದಲೇ ಮುಗಿಸುವುದು, ಹತ್ತು ಪಟ್ಟಿಗೆ ಒಂದೆರಡು ಹೆಚ್ಚುವರಿ ಸೀಳಿಡುವುದು. ಉಳಿದ ಹೆಚ್ಚುವರಿ ಮುಂದಿನ ಕೆಲಸಕ್ಕೆ ಬರುತ್ತದೆ. ಹಲಗೆಯ ಒಂದು ಮುಖ ಸಮ, ಒಂದು ಅಂಚು ನೇರ ಆಗುವವರೆಗೆ ಅದು ಟೇಬಲ್ ಸಾ ಹತ್ತುವಂತಿಲ್ಲ, ನೇರವಾದ ಅಂಚೇ ಫೆನ್ಸಿಗೆ. ಅನುಮಾನದ ಮರವನ್ನು 4 ಮಿಮೀ ಹೆಚ್ಚಿಗೆ ಸೀಳಿ, ಒಂದು ರಾತ್ರಿ ಬಿಟ್ಟು, ಬಾಗಿದ ಅಂಚನ್ನು ಕೀಸಿ ನೇರ ಮಾಡಿ ಕೊನೆಯ ಅಳತೆಗೆ ತರುವುದು.

ಬ್ಲೇಡನ್ನೂ ಬದಲಿಸಿದರು. 24 ಹಲ್ಲಿನ, ತುದಿ ಚಪ್ಪಟೆಯಾದ ಸೀಳುವ ಬ್ಲೇಡ್, ಅದೇ 3.2 ಮಿಮೀ. ಹಲ್ಲುಗಳ ನಡುವಿನ ಜಾಗ ದೊಡ್ಡದಾದ್ದರಿಂದ ಪುಡಿ ಹೊರಬೀಳುತ್ತದೆ, ಮರ ಸುಡುವುದು ಕಡಿಮೆ, ಒತ್ತುವ ಬಲವೂ ಕಡಿಮೆ ಸಾಕು. ಚಪ್ಪಟೆ ಹಲ್ಲಿನಿಂದ ಗ್ರೂವಿನ ತಳವೂ ಸಮವಾಗಿ ಬರುತ್ತದೆ. ಹಳೆಯ 40 ಹಲ್ಲಿನದು ತಳದ ಎರಡೂ ಮೂಲೆಯಲ್ಲಿ ಸಣ್ಣ ಗೀರು ಬಿಡುತ್ತಿತ್ತು.

ಗ್ರೂವಿನ ವಿಷಯದಲ್ಲಿ ಮುಖ್ಯ ಬದಲಾವಣೆ: ಅಳತೆಗೆ ಕತ್ತರಿಸುವ ಮೊದಲೇ ಗ್ರೂವ್. 300 ಮಿಮೀ ಅಡ್ಡ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಬ್ಲೇಡಿನ ಮೇಲೆ ಓಡಿಸುವುದು ಅನಗತ್ಯ ಸಾಹಸ. 2.1 ಮೀಟರ್ ಪಟ್ಟಿಯಲ್ಲಿ ಗ್ರೂವ್ ಹೊಡೆದು ಆಮೇಲೆ ಕತ್ತರಿಸಿದರೆ ಬೆರಳು ಬ್ಲೇಡಿನ ಹತ್ತಿರ ಬರುವುದು ನಾಲ್ಕು ಸಲದ ಬದಲು ಒಂದು ಸಲ. ಕೊನೆಗೆ ಅದನ್ನೂ ಪುಶ್ ಸ್ಟಿಕ್ಕಿಗೆ ಬಿಟ್ಟರೆ ಒಂದು ಸಲವೂ ಇಲ್ಲ.

20 ಮಿಮೀ ಅಂಚಿನ ನಡುವೆ 6 ಮಿಮೀ ಗ್ರೂವ್ ಎಂದರೆ ಎರಡೂ ಕಡೆ 7 ಮಿಮೀ ಗೋಡೆ. ಫೆನ್ಸನ್ನು ಬ್ಲೇಡಿನ ಹತ್ತಿರದ ಹಲ್ಲಿನಿಂದ 7 ಮಿಮೀಗೆ ಕಟ್ಟಿ ಒಂದು ಸಲ ಓಡಿಸಬೇಕು. ಪಟ್ಟಿಯ ತಲೆ ಬಾಲ ತಿರುಗಿಸಿ, ಇನ್ನೊಂದು ಮುಖ ಫೆನ್ಸಿಗೆ ಬರುವಂತೆ ಮತ್ತೊಂದು ಸಲ. 3.2 ಮಿಮೀಯ ಎರಡು ಸೀಳು ಸೇರಿ 6.4, ಅಂದರೆ ನಡುವೆ 0.4 ಮಿಮೀ ಒಂದರ ಮೇಲೊಂದು ಬಿದ್ದು ಏನೂ ಉಳಿಯುವುದಿಲ್ಲ. ಗ್ರೂವ್ ತಾನಾಗಿಯೇ ನಟ್ಟನಡುವೆ ಬರುತ್ತದೆ. ಇದರಲ್ಲಿ ಒಂದು ಹುಳುಕಿದೆ: ಗ್ರೂವಿನ ಅಗಲ ಪಟ್ಟಿಯ ದಪ್ಪದಿಂದ 14 ಕಳೆದಷ್ಟು. ಒಂದು ಪಟ್ಟಿ 19.6 ಇದ್ದರೆ ಗ್ರೂವ್ 5.6, ಪ್ಯಾನೆಲ್ ಹೋಗುವುದಿಲ್ಲ. ಎಲ್ಲ ಪಟ್ಟಿಗಳನ್ನೂ ಒಂದೇ ದಪ್ಪಕ್ಕೆ ತಂದಿರಬೇಕು. ಪ್ಯಾನೆಲಿನ ನಿಜವಾದ ದಪ್ಪ ಅಳೆದು, ಚೂರೊಂದರಲ್ಲಿ ಗ್ರೂವ್ ಹೊಡೆದು ಕೂರಿಸಿ ನೋಡಿದ ಮೇಲೆಯೇ ಉಳಿದದ್ದು. ಆಳವನ್ನು ಒಮ್ಮೆಗೇ 10 ಮಿಮೀ ತೆಗೆಯದೆ ಮೊದಲು 6, ನಂತರ 10.

ಪಕ್ಕದಿಂದ ಒತ್ತುವ ಫೆದರ್ ಬೋರ್ಡನ್ನು (ಬಾಚಣಿಗೆಯಂಥ ಬೆರಳುಗಳಿಂದ ಮರವನ್ನು ಒತ್ತಿ ಹಿಡಿಯುವ ಹಲಗೆ) ಬ್ಲೇಡಿಗೆ ಮುಂಚೆ ಕಟ್ಟಿದರು. ಬ್ಲೇಡಿನ ನೇರಕ್ಕೆ ಬಂದರೆ ಎರಡನೇ ಓಟದಲ್ಲಿ 7 ಮಿಮೀ ಗೋಡೆಯನ್ನೇ ಬಾಗಿಸುತ್ತದೆ. ಇನ್ನೊಂದನ್ನು ಎತ್ತರದ ಆಸರೆ ಹಲಗೆಗೆ ಬಿಗಿದು ಮೇಲಿನಿಂದ ಒತ್ತುವಂತೆ ಮಾಡಿದರು, ಪಟ್ಟಿ ಎದ್ದರೆ ಗ್ರೂವ್ ಅಲ್ಲಿ ಆಳ ಕಳೆದುಕೊಳ್ಳುತ್ತದೆ. ಆಸರೆ ಹಲಗೆಯನ್ನು ಕ್ಲಾಂಪಿನ ಬದಲು ಫೆನ್ಸಿನಲ್ಲಿ ತೂತು ಕೊರೆದು ಬೋಲ್ಟ್ ಹಾಕಿ ಕೂರಿಸಿದರು, ತಟ್ಟುವ ಪ್ರಮೇಯವೇ ಇಲ್ಲ. ಆದರೂ ಅದನ್ನು ಬಿಚ್ಚಿದಾಗಲೆಲ್ಲ ಗುರುತಿನ ಹಲ್ಲಿನಿಂದ ಮುಂದೆ ಹಿಂದೆ ಅಳೆಯುವುದು ತಪ್ಪಲಿಲ್ಲ. ಹಿಂದೆ ಸಮ ಅಥವಾ 0.1 ಮಿಮೀ ತೆರೆದಿರಬೇಕು, ಒಂದು ಕೂದಲಿನಷ್ಟೂ ಮುಚ್ಚಿರಬಾರದು.

ಗ್ರೂವ್ ಹೊಡೆಯುವಾಗ ಬ್ಲೇಡ್ ಮರದೊಳಗೆ ಅಡಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಟ್ಟಿಯ ಹಿಂಬದಿಗೆ ಹೆಬ್ಬೆರಳು ಇಟ್ಟು ತಳ್ಳುವವರಿಗೆ ಪಟ್ಟಿ ಮುಗಿದ ಕ್ಷಣ ಬ್ಲೇಡ್ ಎದುರಾಗುತ್ತದೆ. ಮೇಜಿನ ಮೇಲೆ ಬ್ಲೇಡಿಗೆ 150 ಮಿಮೀ ಮುಂದೆ ಕೆಂಪು ಬಣ್ಣದ ಗೆರೆ ಎಳೆದರು. ಕೈ ಗೆರೆ ಮುಟ್ಟಿದರೆ ಅಲ್ಲಿಂದ ಮುಂದೆ ಹಿಂಬದಿಗೆ ಕಚ್ಚು ಇರುವ ಪುಶ್ ಸ್ಟಿಕ್ಕೇ. ಪುಶ್ ಸ್ಟಿಕ್ಕನ್ನು ಫೆನ್ಸಿನ ತಲೆಯ ಮೇಲೆ ಕೊಕ್ಕೆಯಲ್ಲಿ ನೇತುಹಾಕಿದರು, ಹುಡುಕುವಂತಿರಬಾರದು. ಕೈಗವಸು ಬೇಡ, ಉದ್ದ ತೋಳು ಬೇಡ: ಹಲ್ಲಿಗೆ ಸಿಕ್ಕ ಬಟ್ಟೆ ಕೈಯನ್ನು ಜೊತೆಗೇ ಎಳೆಯುತ್ತದೆ. ಕನ್ನಡಕ, ಕಿವಿ ಮುಚ್ಚಳ, ಧೂಳಿಗೆ ಮಾಸ್ಕ್ ಬೇಕು. ನಿಲ್ಲುವುದು ಬ್ಲೇಡಿನ ನೇರಕ್ಕಲ್ಲ, ಫೆನ್ಸ್ ಬಲಕ್ಕಿದ್ದರೆ ಬ್ಲೇಡಿಗಿಂತ ಎಡಕ್ಕೆ. ಸ್ವಿಚ್ಚಿಗೆ ಮೊಣಕಾಲಿನಿಂದ ಒತ್ತಿ ಆರಿಸುವ ಅಗಲದ ಹಲಗೆ ಜೋಡಿಸಿದರು.

ಮುಂದೇನಾಯಿತು

ನಾಲ್ಕು ತಿಂಗಳ ನಂತರ 16 ಬಾಗಿಲಿನ ಕೆಲಸ ಬಂತು. ಕಿರಿಯನು ಸೀಳುತ್ತಿದ್ದಾಗ ಒಂದು ಹಲಗೆಯಲ್ಲಿ ಮತ್ತೆ ಅದೇ ವಾಸನೆ, ಮೋಟರಿನದ್ದು ಅದೇ ಭಾರವಾದ ಸದ್ದು. ಆದರೆ ಈ ಸಲ ಮರ ಹಿಡಿದದ್ದು ಬ್ಲೇಡನ್ನಲ್ಲ, ಮರದ ನಾಲಿಗೆಯನ್ನು. ಹಲಗೆ ಅಲುಗದೆ ನಿಂತಿತು. ಅವನು ಮುಂದಕ್ಕೂ ತಳ್ಳಲಿಲ್ಲ, ಹಿಂದಕ್ಕೂ ಎಳೆಯಲಿಲ್ಲ. ಹಲಗೆಯನ್ನು ಮೇಜಿಗೆ ಒತ್ತಿ ಹಿಡಿದು, ಮೊಣಕಾಲಿನಿಂದ ಸ್ವಿಚ್ ಆರಿಸಿ, ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕಾದ. ಪ್ಲಗ್ ಕಿತ್ತು, ನಾಲಿಗೆಯ ಹಿಂದೆ ಸೀಳಿನ ಬಾಯಿಗೆ ಒಂದು ತೆಳು ಬೆಣೆ ತಟ್ಟಿದ. ಸೀಳು ತೆರೆದುಕೊಂಡು ಹಲಗೆ ಸಡಿಲವಾಯಿತು. ಬ್ಲೇಡಿಗೆ ಮರ ತಾಗದಂತೆ ಹಲಗೆಯನ್ನು ಒಂದು ಬೆರಳಷ್ಟು ಹಿಂದಕ್ಕೆ ಸರಿಸಿ, ಬೆಣೆಯನ್ನು ಹಾಗೇ ಬಿಟ್ಟು, ಮೋಟರ್ ಪೂರ್ಣ ವೇಗಕ್ಕೆ ಬಂದ ಮೇಲೆ ಸೀಳು ಮುಗಿಸಿದ.

ಹಿರಿಯರು ಪಕ್ಕದ ಬೆಂಚಿನಲ್ಲಿದ್ದರು. ಬೆಣೆ ತಟ್ಟುವ ಮೊದಲೇ ಬಂದು ಸೀಳಿನ ಬಾಯಿಯ ಅಗಲ ಅಳೆದಿದ್ದರು. 1.6 ಮಿಮೀ.

ಇನ್ನೂ ಬಗೆಹರಿಯದ ಸಂಗತಿಗಳು ಇವೆ. ಪ್ಲೈವುಡ್ ತಟ್ಟೆಯ ನಾಲಿಗೆ ಬ್ಲೇಡಿನೊಂದಿಗೆ ಓರೆಯಾಗುವುದಿಲ್ಲ, ಹಾಗಾಗಿ ಬ್ಲೇಡ್ ಓರೆಯಿಟ್ಟು ಸೀಳುವ ಕೆಲಸವನ್ನು ಅವರು ಈ ಯಂತ್ರದಲ್ಲಿ ನಿಲ್ಲಿಸಿದ್ದಾರೆ, ಓರೆ ಅಂಚನ್ನು ಕೀಸುಳಿಯಲ್ಲೇ ತೆಗೆಯುತ್ತಾರೆ. 25 ಮಿಮೀಗಿಂತ ದಪ್ಪದ ಮರಕ್ಕೆ ಬ್ಲೇಡ್ ಇನ್ನೂ ಏರಬೇಕು, ಏರಿದರೆ ನಾಲಿಗೆಗೇ ತಾಗುತ್ತದೆ. ಅದಕ್ಕೆಂದು ನಾಲಿಗೆ ಇನ್ನೂ ಹಿಂದಿರುವ ಮೂರನೇ ತಟ್ಟೆ ಮಾಡಿದ್ದಾರೆ. ಅಂಟಿನ ಜಾಗ ಆಗಾಗ ಸಡಿಲವಾಗುತ್ತದೆ, ಪ್ರತಿ ಬೆಳಿಗ್ಗೆ ನಾಲಿಗೆಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದ ಮೇಲೆಯೇ ಮೋಟರ್ ಶುರು. ಮುಂದಿನ ಯಂತ್ರ ಕೊಳ್ಳುವಾಗ ಬ್ಲೇಡಿನ ಜೊತೆ ಏರಿಳಿಯುವ ರೈವಿಂಗ್ ನೈಫ್ ಇದೆಯೇ ಎಂದೇ ಮೊದಲು ನೋಡುವುದಾಗಿ ಮೇಸ್ತ್ರಿ ತೀರ್ಮಾನಿಸಿದ್ದಾರೆ. ಮೋಟರಿನ ಅಶ್ವಶಕ್ತಿ ಎಷ್ಟು ಎಂಬ ಪ್ರಶ್ನೆ ಅದಾದ ನಂತರ.